ಒಳ್ಳೆಯ ದಿನಕ್ಕೆ ಎತ್ತಿಟ್ಟ ಬಾಡಿ

ಪ್ರೀತಿಯ ಅತ್ತೆ,

ಸ್ನಾನ ಮುಗಿಸಿ ಬಂದು ಬೀರು ತೆಗೆದಿದ್ದೀರಿ, ಈ ಕಾಗದ ಕೈಗೆ ಸಿಕ್ಕಿದೆ. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವ ಹುಚ್ಚು ಈ ಸೊಸೆಗೇಕೆ ಎಂದು ಹುಬ್ಬೇರಿಸಬೇಡಿ. ಎದುರಿಗೆ ಹೇಳಹೊರಟರೆ ನೀವು "ಒಲೆ ಮೇಲೆ ಏನೋ ಸೀಯ್ತಿದೆ ನೋಡು" ಎನ್ನುತ್ತೀರಿ. ಏನೂ ಸೀಯುತ್ತಿಲ್ಲವೆಂದು ಗೊತ್ತಿದ್ದೂ ನಾನು ಓಡುತ್ತೇನೆ.

ಈ ಮನೆಗೆ ಬಂದ ಹೊಸತರಲ್ಲಿ ನನಗೆ ಮಧ್ಯಾಹ್ನದ ನಿದ್ದೆಯೆಂದರೆ ನಿಮ್ಮ ಹಾಡು. ಪಕ್ಕದ ಕೋಣೆಯಲ್ಲಿ ಇಸ್ತ್ರಿ ಮಾಡುತ್ತ ಹಾಡುತ್ತಿದ್ದಿರಿ. ಒಂದು ಸಾಲು ಶುರುವಾಗಿ, ಏರಿ, ಏರಿದಲ್ಲೇ ನಿಂತು, ಎಷ್ಟೋ ಹೊತ್ತಿನ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಅದು ಇಳಿಯುವ ತನಕ ಆ ಅರೆನಿದ್ದೆಯಲ್ಲಿ ನಾನೂ ನನ್ನ ಮಂಚವೂ ನೆಲದಿಂದ ಒಂದಿಷ್ಟು ಮೇಲೆ ತೇಲುತ್ತಿದ್ದೆವು. ತವರು ಬಿಟ್ಟು ಬಂದ ದುಃಖ ನನಗೆ ಕರಗಿದ್ದು ಆ ಮಧ್ಯಾಹ್ನಗಳಲ್ಲಿ. ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ.

ಬರಬರುತ್ತ ಸಾಲುಗಳು ಗಿಡ್ಡವಾದವು. ನಡುವೆ ಉಸಿರು ಸಾಲದೆ ನಿಂತುಬಿಡುತ್ತಿದ್ದಿರಿ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದರು. ನೀವು "ವಯಸ್ಸಾಯ್ತು ಬಿಡು" ಎಂದು ನಿಮಗೆ ನೀವೇ ತೀರ್ಪು ಕೊಟ್ಟುಕೊಂಡು, ಸಂಜೆ ಹಾಡು ಕಲಿಯಲು ಬರುತ್ತಿದ್ದ ಹುಡುಗಿಯರಿಗೆ ಇನ್ನು ಬರಬೇಡಿ ಅಂದಿರಿ. ಅವತ್ತು ಇಸ್ತ್ರಿಯಾದ ಬಟ್ಟೆಗೇ ಮತ್ತೆ ಇಸ್ತ್ರಿ ಮಾಡುತ್ತ ಕೂತಿರಿ. ನನಗೆ ನಿದ್ದೆ ಬರಲಿಲ್ಲ.

ಆಮೇಲೊಂದು ಬೆಳಿಗ್ಗೆ, ತೋಳು ನೋವೆಂದು ಬಾಡಿಯ ಕೊಕ್ಕೆ ಹಾಕಲು ನನ್ನನ್ನು ಕರೆದಿರಿ. ನಾನು ಬ್ರಾ ಎಂದರೆ ನಿಮಗೆ ನಗು, ನಿಮ್ಮ ಪಾಲಿಗೆ ಅದು ಯಾವತ್ತೂ ಬಾಡಿಯೇ. ಎರಡೂ ಕೈಯಲ್ಲಿ ಎಳೆದರೂ ತುದಿಗಳು ಒಂದನ್ನೊಂದು ಮುಟ್ಟಲೊಲ್ಲವು. ಪಕ್ಕೆಯ ಸುತ್ತ ಕೆಂಪು ಗೆರೆ, ಹೆಗಲ ಮೇಲೆ ಬೆರಳು ಇಳಿಯುವಷ್ಟು ತಗ್ಗು. ಇದೆಂಥ ಅಳತೆ ಎಂದು ಕೇಳಿದರೆ ನೀವು ಹೆಮ್ಮೆಯಿಂದ, "ಮೂವತ್ತೆರಡು. ಮದುವೆಗೆ ಅಮ್ಮ ತಗೊಟ್ಟ ಅಳತೆ. ಬಿಗಿಯಾಗಿದ್ರೇನೇ ಲಕ್ಷಣ ಕಣೇ" ಎಂದಿರಿ. ಅಲ್ಲ ಅತ್ತೆ, ಒಡವೆ ಹಾಗೆ ಅಳತೆಯನ್ನೂ ತವರಿನಿಂದ ತಂದು ಜೋಪಾನ ಮಾಡುವುದುಂಟೇ? ನಿಮ್ಮ ಮಗ ಹುಟ್ಟಿ ಬೆಳೆದು ಅವರ ತಲೆಯೇ ನರೆಯತೊಡಗಿತು, ನಿಮ್ಮ ಮೂವತ್ತೆರಡು ಮಾತ್ರ ಕದಲಲಿಲ್ಲ.

ಅಂಗಡಿಗೆ ಹೊರಡಿಸಲು ನಿಮ್ಮನ್ನು ಎಷ್ಟು ಕಾಡಿದೆನೋ. ಅಂಗಡಿಯಾಕೆ ಎದೆಯ ಕೆಳಗೆ ಟೇಪು ಸುತ್ತಿದರೆ ನೀವು ಫೋಟೋಕ್ಕೆ ನಿಂತವರ ಹಾಗೆ ಉಸಿರು ಬಿಗಿಹಿಡಿದಿರಿ. "ಉಸಿರು ಬಿಡಿ ಅಮ್ಮ, ಬಟ್ಟೆ ನಿಮಗೇ ತಾನೇ" ಎಂದು ಆಕೆ ನಕ್ಕಳು. ಭಾರ ಹೊರುವುದು ಕೆಳಗಿನ ಸುತ್ತುಪಟ್ಟಿ, ಹೆಗಲಿನ ಪಟ್ಟಿ ಸುಮ್ಮನೆ ಜೊತೆಗಿರುತ್ತದೆ ಎಂದಳು. "ನಮ್ಮನೆ ಗಂಡಸರ ಹಾಗೆ" ಎಂದು ನೀವು ಮೆಲ್ಲಗೆ ಗೊಣಗಿದ್ದು ಆಕೆಗೂ ಕೇಳಿಸಿತು.

ಪರದೆಯ ಮರೆಯಲ್ಲಿ ಒಂದೊಂದಾಗಿ ಹಾಕಿ ನೋಡಿದಿರಿ. ಮೊದಲನೆಯದು ಕೈ ಎತ್ತಿದರೆ ಬೆನ್ನಲ್ಲಿ ಮೇಲೇರಿತು. ಇನ್ನೊಂದು ಮುಂದೆ ಬಾಯಿಬಿಟ್ಟುಕೊಂಡಿತು. ಲೇಸಿನದು ಚುಚ್ಚುತ್ತದೆಂದು ಆಚೆಗೆ ಎಸೆದಿರಿ. ಕೊನೆಗೆ ಆ ಮೆತ್ತನೆಯ ಹತ್ತಿಯದು. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋದವು, ಬದಿಯಲ್ಲಿ ಎಲ್ಲೂ ಉಬ್ಬಲಿಲ್ಲ. ನಮ್ಮಿಬ್ಬರನ್ನೂ ಆಚೆ ಕಳಿಸಿ ಪರದೆ ಎಳೆದುಕೊಂಡಿರಿ. ಆಮೇಲೆ ಪರದೆಯ ಹಿಂದಿನಿಂದ ಆ ಸಾಲು ಶುರುವಾಯಿತು. ಏರಿತು, ನಿಂತಿತು, ನಿಂತೇ ಇತ್ತು. ಅಂಗಡಿಯಾಕೆ ಟೇಪು ಸುತ್ತಿಡುವುದನ್ನು ಮರೆತಳು. ಇಬ್ಬರ ಚೀಲ ಹಿಡಿದು ನಿಂತಿದ್ದ ನನಗೆ ಕಾಲ ಕೆಳಗಿನ ನೆಲ ಮತ್ತೆ ತುಸು ದೂರವಾಯಿತು. ತುದಿಯಲ್ಲಿ ದನಿ ಒಡೆಯಿತು, ನಿಜ. ಆದರೆ ಸಾಲು ತುಂಡಾಗಲಿಲ್ಲ. ಪರದೆ ಸರಿಸಿ, ಕಣ್ಣು ತುಂಬಿಕೊಂಡು, "ವಯಸ್ಸಾಗಿರೋದು ಗಂಟಲಿಗೆ ಕಣೇ, ಉಸಿರಿಗಲ್ಲ" ಎಂದಿರಿ.

ಅಷ್ಟಾದ ಮೇಲೂ ಮನೆಗೆ ಬಂದು ನೀವು ಮಾಡಿದ್ದೇನು? ಹೊಸದನ್ನು ಡಬ್ಬಿಸಮೇತ ಬೀರುವಿನ ಮೇಲಿನ ಅರೆಯಲ್ಲಿಟ್ಟು "ಒಳ್ಳೆ ದಿನಕ್ಕಿರ್ಲಿ" ಎಂದಿರಿ. ಮರುದಿನದಿಂದ ಮತ್ತೆ ಅದೇ ಮೂವತ್ತೆರಡು, ಅದೇ ಏದುಸಿರು. ಯಾವ ಒಳ್ಳೆ ದಿನ ಅತ್ತೆ? ನಾಲ್ಕು ಜನ ನೋಡಿ ಮೆಚ್ಚುವ ವಸ್ತುವೇ ಅದು? ನನಗೆ ಅಳು ಬಂತು, ಸಿಟ್ಟೂ ಬಂತು.

ಅದಕ್ಕೇ ಇವತ್ತು, ನೀವು ಸ್ನಾನಕ್ಕೆ ಹೋದಾಗ, ನಿಮ್ಮ ಹಳೆಯ ಬಾಡಿಗಳನ್ನೆಲ್ಲ ಒಂದೂ ಬಿಡದೆ ಬಕೆಟ್ಟಿನಲ್ಲಿ ನೆನೆಹಾಕಿದ್ದೇನೆ. ಹುಡುಕಬೇಡಿ. ಬೀರುವಿನಲ್ಲಿ ಉಳಿದಿರುವುದು ಈ ಡಬ್ಬಿಯೊಂದೇ. ಹೊಸದರಲ್ಲಿ ಕೊನೆಯ ಕೊಕ್ಕೆಗೆ, ಅಂದರೆ ಎಲ್ಲಕ್ಕಿಂತ ಸಡಿಲವಾದದ್ದಕ್ಕೆ ಹಾಕಿಕೊಳ್ಳಿ. ಮುಂದೆ ಪಟ್ಟಿ ಹಿಗ್ಗಿದಾಗ ಒಳಗಿನದಕ್ಕೆ ಬಂದರಾಯಿತು. ಸಂಜೆ ಹುಡುಗಿಯರು ಬರುತ್ತಾರೆ, ಹೇಳಿಕಳಿಸಿದ್ದೇನೆ. ಬೈಯುವುದಿದ್ದರೆ ಅವರು ಹೋದ ಮೇಲೆ ಬೈಯಿರಿ.

ಮಧ್ಯಾಹ್ನ ಇಸ್ತ್ರಿಗೆ ಬಟ್ಟೆ ಮೇಜಿನ ಮೇಲಿಟ್ಟಿರುತ್ತೇನೆ. ನಾನು ಪಕ್ಕದ ಕೋಣೆಯಲ್ಲಿ ಮಲಗಿರುತ್ತೇನೆ. ನಿದ್ದೆ ಮಾಡಿ ಬಹಳ ದಿನವಾಯಿತು ಅತ್ತೆ.

ನಿಮ್ಮ ಉಸಿರು ಉದ್ದವಾಗಲಿ.

ಬಾಗಿಲು ಅರ್ಧ ತೆರೆದಿಟ್ಟು ಕಾಯುತ್ತಿರುವ
ನಿಮ್ಮ ಸೊಸೆ