ನೀನು ಕಳುಹಿಸಿದ ಕಾರಣಗಳು

ಮಾರ್ಚ್ ೧೧, ಭಾನುವಾರ

ಪ್ರೀತಿಯ ಪುಟ್ಟ,

ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಬಲಗೈಯನ್ನು ಮೇಜಿನ ಮೇಲಿಡಲೂ ಎಡಗೈಯ ಸಹಾಯ ಬೇಕಾಗಿದೆ. ಈ ಸೊಟ್ಟ ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ.

ಭುಜನೋವಿನ ಕಾರಣಗಳೆಂದು ನೀನು ಕಳುಹಿಸಿದ ಹಾಳೆ ತಲುಪಿತು. ನಾನು ಕೇಳಿದ್ದು ಮೂರು ತಿಂಗಳು ಅಮ್ಮನನ್ನು ನಿನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೀಯಾ ಎಂದು. ಬಂದದ್ದು ಹಾಳೆ. ಇರಲಿ, ಓದಿದೆ. ವಯಸ್ಸು, ಸಕ್ಕರೆ ಕಾಯಿಲೆ, ಬಿದ್ದ ಪೆಟ್ಟು, ಒಂದೇ ಮಗ್ಗುಲಿಗೆ ಮಲಗುವುದು, ಕೈ ಮೇಲೆತ್ತಿ ಮಾಡುವ ಕೆಲಸ. 'ವ್ಯಾಯಾಮದ ಕೊರತೆ' ಎಂಬುದರ ಕೆಳಗೆ ನಿನ್ನ ಹೆಂಡತಿ ಗೆರೆ ಬೇರೆ ಎಳೆದಿದ್ದಾಳೆ. ಹೋಟೆಲಿನ ಲಾಂಡ್ರಿಯಲ್ಲಿ ದಿನವಿಡೀ ಚಾದರಗಳಿಗೆ ಇಸ್ತ್ರಿ ಹಾಕಿ, ಮಡಿಸಿ, ತಲೆಗಿಂತ ಎತ್ತರದ ಕಪಾಟಿಗೆ ಏರಿಸುವವಳಿಗೆ ವ್ಯಾಯಾಮ ಸಾಲದಂತೆ. ಚೆನ್ನಾಗಿ ನಕ್ಕೆ. ನಕ್ಕರೂ ಭುಜ ನೋಯುತ್ತದೆ.

ಮೂಳೆ ಡಾಕ್ಟರು ನನ್ನ ಇಸ್ತ್ರಿಯ ಪುರಾಣವನ್ನು ಅರ್ಧಕ್ಕೇ ನಿಲ್ಲಿಸಿ, "ಮನೇಲಿ ಯಾರನ್ನಾದ್ರೂ ಎತ್ತಿ ಕೂರಿಸ್ತೀರಾ?" ಎಂದು ಕೇಳಿದರು.

"ಅಮ್ಮನ್ನ. ಸೊಂಟ ಮುರಿದಾಗಿಂದ."

"ಅದಕ್ಕೆ ಇಬ್ರು ಬೇಕಮ್ಮ."

"ಇನ್ನೊಬ್ಬನಿಗೆ ಪುರುಸೊತ್ತಿಲ್ಲ ಸಾರ್," ಎಂದೆ. ಅವರು ನಗಲಿಲ್ಲ. ಭುಜದೊಳಗಿನ ಸ್ನಾಯು ಹರಿದಿದೆಯಂತೆ. ಇನ್ನೂ ಅಮ್ಮನನ್ನು ಎತ್ತಿದರೆ ಕೈ ಪೂರ್ತಿ ಹೋಗುತ್ತದೆ, ಕೈ ಹೋದರೆ ಕೆಲಸವೂ ಹೋಗುತ್ತದೆ.

ಆದ್ದರಿಂದ ಬರುವ ಒಂದನೇ ತಾರೀಕು ಅಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸುತ್ತಿದ್ದೇನೆ. ಹೋಗಿ ನೋಡಿ ಬಂದೆ. ಕಿಟಕಿ ದೊಡ್ಡದಿದೆ, ಎತ್ತಿ ಕೂರಿಸಲು ಗಟ್ಟಿಮುಟ್ಟಾದ ಹೆಂಗಸರಿದ್ದಾರೆ. ಹೆತ್ತ ತಾಯಿಯನ್ನು ಹೊರಗೆ ಹಾಕಿದಳು ಎಂದು ನೀವಿಬ್ಬರೂ ಆಡಿಕೊಳ್ಳುತ್ತೀರಿ, ಗೊತ್ತು. ಆಡಿಕೊಳ್ಳಿ. ನನ್ನ ಹೊಟ್ಟೆ ಉರಿಯುತ್ತಿದೆ ಪುಟ್ಟ, ಅದನ್ನು ಮುಚ್ಚಿಡುವಷ್ಟು ಒಳ್ಳೆಯವಳಲ್ಲ ನಾನು.

ಮಕ್ಕಳು ಚೆನ್ನಾಗಿ ಓದಲಿ. ನಿನಗೂ ಒಳ್ಳೆಯದಾಗಲಿ, ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ನಿನ್ನ
ಅಕ್ಕ

ತಾ.ಕ.: 'ಬೇರೆ ಕಡೆ ಹೋಗಬೇಕಮ್ಮ' ಎಂದಷ್ಟೇ ನಾನು ಅಮ್ಮನಿಗೆ ಹೇಳಿದ್ದು. ಮಗ ಕರೆಸಿಕೊಳ್ಳುತ್ತಿದ್ದಾನೆಂದು ತಾನೇ ಅಂದುಕೊಂಡು, ಕಿಟಕಿಯಲ್ಲಿ ಕಂಡವರಿಗೆಲ್ಲ ಹೇಳಿಯಾಗಿದೆ. ಇವತ್ತು ಬೆಳಿಗ್ಗೆ ಎಡಗೈಯಲ್ಲಿ ಅವಳ ತಲೆ ಬಾಚುತ್ತಿದ್ದೆ. "ನಿಧಾನಕ್ಕೆ ಬಾಚೇ, ನಿನ್ನ ಕೈ ಯಾವಾಗ್ಲೂ ಒರಟು. ಅವನ ಮನೇಲಿ ಈ ಕಾಟ ಇರಲ್ಲ ಬಿಡು," ಎಂದಳು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಒಂದನೇ ತಾರೀಕಿನೊಳಗೆ ಫೋನ್ ಮಾಡಿ ನೀನೇ ಹೇಳು.