ಕಳಸಗಿತ್ತಿ

ನವೆಂಬರ್ 9, ಭಾನುವಾರ

...‘ನೀನು ಒಪ್ಕೋಬೇಡ, ಅಷ್ಟೇ ಸಾಕು’ ಅಂದಳೋ, ‘ಅಷ್ಟು ಮಾಡು’ ಅಂದಳೋ. ಸರಿಯಾಗಿ ನೆನಪಿಲ್ಲ. ಕುಕ್ಕರ್ ಕೂಗುತ್ತಿತ್ತು.

ಹಾಗೆ ಕೇಳಿಕೊಂಡಿದ್ದು ಸುಚಿತ್ರಾ, ಚಿಕ್ಕಪ್ಪನ ಕಿರಿಮಗಳು. ನಲವತ್ತೊಂದಕ್ಕೆ ಮದುವೆ. ತನ್ನ ಹಿಂದೆ ಕಳಸ ಹಿಡಿದು ನಡೆಯಲು ಅಕ್ಕ ಸುಮಾನೇ ಬೇಕಂತೆ. ಸುಮಾಳ ಗಂಡ ತೀರಿಹೋಗಿ ಮೂರು ವರ್ಷ. ಚಿಕ್ಕಮ್ಮ ಬೇಡ ಅಂದಿಲ್ಲ. ಹೂಂ ಅಂದೂ ಇಲ್ಲ.

“ಇನ್ನೊಬ್ಳು ಅಕ್ಕ ಅಂತ ಇರೋದು ನೀನೇ ರಮಕ್ಕ. ನೀನು ಆಗಲ್ಲ ಅಂದ್ಬುಟ್ರೆ ಅಮ್ಮಂಗೆ ಬೇರೆ ದಾರಿ ಇಲ್ಲ.”

ಮಾತು ಕೊಟ್ಟೆ. ನನಗೆ ಗಂಡ ಇದ್ದಾನೆ, ಚಿಕ್ಕಮ್ಮನ ಲೆಕ್ಕದಲ್ಲಿ ಅದೇ ಅರ್ಹತೆ. ಕೈಕಟ್ಟಿ ನಿಂತರೆ ಆಯಿತು. ಸುಲಭದ ಕೆಲಸ. ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಸಮಾಜಶಾಸ್ತ್ರ ಹೇಳುತ್ತಿದ್ದೇನೆ.

ನವೆಂಬರ್ 19, ಬುಧವಾರ

ಸುಮಾಳ ಜೊತೆ ಲಷ್ಕರ್ ಮೊಹಲ್ಲಾ. ಕಳಸಕ್ಕೆ ಹಿತ್ತಾಳೆ ಚೊಂಬು. ಎತ್ತಿ ತೂಕ ನೋಡಿದಳು. ಎರಡೂ ಕೈಯಲ್ಲಿ ಹಿಡಿದು ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದಳು.

“ತಾಳಿ ಕಟ್ಟೋವರೆಗೂ ಕೆಳಗಿಡೋ ಹಾಗಿಲ್ಲ ಕಣೇ. ಈ ಮಂಡಿ ಇಟ್ಕೊಂಡು ಮದುಮಗಳ ಮೇಲೇ ಬಿದ್ಬುಟ್ರೆ?”

ನಕ್ಕಳು. ಮೂರು ವರ್ಷದಲ್ಲಿ ಹೀಗೆ ನಕ್ಕಿದ್ದು ಕಂಡಿರಲಿಲ್ಲ. ಅಥವಾ ನಾನು ನೋಡಲು ಹೋಗಿರಲಿಲ್ಲ.

ನವೆಂಬರ್ 23, ಭಾನುವಾರ. ಸಂಜೆ

ಚಾಮರಾಜಪುರಂ ಛತ್ರ. ಹತ್ತೂಕಾಲಿಗೆ ಮುಹೂರ್ತ. ಮುಂದೆ ಸುಚಿತ್ರಾ, ತಲೆ ತಗ್ಗಿಸಿ. ಹಿಂದೆ ಕಳಸ ಹಿಡಿದ ಸುಮಾ. ಪಕ್ಕದಲ್ಲಿ ನಾನು. ಚಿಕ್ಕಮ್ಮ ಬಂದರು.

“ಸುಮಾ, ಹಾರದ ಚೀಲ ಎಲ್ಲಿಟ್ಟೆ? ಒಂಚೂರು ಬಾ. ರಮಾಮಣಿ, ಇದನ್ನ ಹಿಡ್ಕೊಳಮ್ಮ, ಒಂದೇ ನಿಮಿಷ.”

ತಿಳಿಯಿತು. ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ — ಅದರಿಂದಲೇ ತಿಳಿಯಿತು. ಆದರೂ ಕೈ ಚಾಚಿದೆ. ವಾಲಗ ಜೋರಾಯಿತು. ಸೋದರಮಾವ ಗೋವಿಂದರಾಜು, “ನಡೀರಿ ನಡೀರಿ, ಹೊತ್ತಾಯ್ತು” ಅಂದರು. ನಡೆದೆ.

ಸುಮಾ ಹಾರದ ಚೀಲ ತಂದದ್ದು ಕಂಡಿತು. ಯಾರೋ ಇಸಿದುಕೊಂಡರು. ಕಂಬದ ಹತ್ತಿರ ನಿಂತಳು. ಖಾಲಿ ಕೈ ಎಲ್ಲಿಡುವುದೆಂದು ತಿಳಿಯದೆ ಸೆರಗಿಗೆ ಒರೆಸಿಕೊಂಡಳು. ತಾಳಿ ಕಟ್ಟಿದ ಮೇಲೆ ಸುಚಿತ್ರಾ ಹಿಂದೆ ತಿರುಗಿದಳು. ಅಕ್ಕ ಇರಬೇಕಾದಲ್ಲಿ ನಾನು.

ಇನ್ನೂ ನಾಚಿಕೆಗೇಡಿನದು — ಕಾಯಿ ಅಲುಗದಂತೆ ಹಿಡಿದಿದ್ದೇನೆ ಎಂದು ಒಳಗೊಳಗೇ ಸಣ್ಣ ಹೆಮ್ಮೆಯಿತ್ತು.

ಡಿಸೆಂಬರ್ 11, ಗುರುವಾರ

ಸುಚಿತ್ರಾ ಇವತ್ತೂ ಫೋನ್ ಎತ್ತಲಿಲ್ಲ.

ಗಂಡಿನ ಕಡೆಯವರು ಕಳಸಗಿತ್ತಿಗೆಂದು ಕೊಟ್ಟ ಸೀರೆ ಹಿಡಿದು ಕುಂಬಾರಕೊಪ್ಪಲಿಗೆ ಹೋದೆ, ಸುಮಾಳ ಮನೆಗೆ. ಅವರೆಕಾಯಿ ಸುಲಿಯುತ್ತಿದ್ದಳು.

“ಹಿಡಿದೋಳಿಗೆ ತಾನೇ ಸೀರೆ? ನಂಗ್ಯಾಕೆ ಕಣೇ.”

ಕವರ್ ತೆರೆದೂ ನೋಡಲಿಲ್ಲ. ಒಂದಷ್ಟು ಕಾಯಿ ನನ್ನ ಮುಂದೆ ತಳ್ಳಿದಳು. ಸುಲಿದೆ. ತಲೆ ಎತ್ತದೆ ಕೇಳಿದಳು:

“ಅಮ್ಮ ಕಳಸ ಕೊಟ್ಟಾಗ ನಿಂಗೂ ಗೊತ್ತಾಗ್ಲಿಲ್ಲ, ಅಲ್ವಾ?”

“ಗೊತ್ತಾಗಲಿಲ್ಲ” ಅಂದೆ.

“ನಾನೂ ಹಂಗೇ ಅಂದ್ಕೊಂಡೆ.”

ಕಾಫಿ ಕೊಟ್ಟಳು. ಕುಡಿದೆ. ಬಸ್ಸಿನಲ್ಲಿ ಸೀರೆ ತೊಡೆಯ ಮೇಲೆ...

ನೀನು ನಂಬಿದೆಯಾ ಸುಮಾ, ಅಥವಾ ನಾನು ಮುಂದೆಯೂ ನಿನ್ನ ಮನೆಗೆ ಬರುತ್ತಿರಲಿ ಅಂತ ಹಾಗೆ ಕೇಳಿದೆಯಾ?