ತುತ್ತಿ ಗಿಡದ ಹನ್ನೊಂದು ವಿಳಾಸಗಳು

ಮಾನ್ಯ ವಾರ್ಡ್ ನೈರ್ಮಲ್ಯಾಧಿಕಾರಿಗಳೇ,

ನಮ್ಮ ಗಣಪತಿ ಬಡಾವಣೆಯಲ್ಲಿ ಹನ್ನೊಂದು ಕಡೆ ಬೆಳೆದಿದ್ದ ತುತ್ತಿ ಗಿಡಗಳನ್ನು ತಾವು ಬೇರುಸಹಿತ ಕೀಳಿಸಿದ್ದೀರಿ. ಇದು ನನ್ನ ದೂರು. ಆ ಹನ್ನೊಂದೂ ಜಾಗಗಳನ್ನು ನಕ್ಷೆ ಬರೆದು, ಕೆಂಪು ಶಾಯಿಯಲ್ಲಿ ಗುರುತು ಹಾಕಿ ನಿಮ್ಮ ಕೈಗಿತ್ತವನೂ ನಾನೇ. ಇದು ನನ್ನ ನಾಚಿಕೆ. ಈ ಪತ್ರದ ತಮಿಳು ಪ್ರತಿ ನಿಮ್ಮ ಮೇಜಿನ ಮೇಲಿದೆ. ಕನ್ನಡದ ಪ್ರತಿ ನಮ್ಮ ಮನೆಮಾತಿನವರಿಗೆ, ನನ್ನ ಪೆದ್ದುತನಕ್ಕೆ ಸಾಕ್ಷಿಗಳಿರಲಿ ಎಂದು.

‘ನಿಮ್ಮ ಬೀದಿಯ ಕಾಡುಗಿಡಗಳ ಮಾಹಿತಿ ಕೊಡಿ’ ಎಂದು ನೀವು ನೋಟೀಸು ಅಂಟಿಸಿದಾಗ, ಇಡೀ ವಾರ್ಡಿನಲ್ಲಿ ಅದನ್ನು ನಂಬಿದವನು ನಾನೊಬ್ಬನೇ ಇರಬೇಕು. ನಾನು ನಲವತ್ತು ವರ್ಷ ಮಗ್ಗದಲ್ಲಿ ಕೂತವನು. ಪೀಳಮೇಡಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದುವ ತಮ್ಮನ ಮಗಳು ಅಭಿನಯಾ ಒಮ್ಮೆ ತುತ್ತಿಯ ಹಳದಿ ಹೂವನ್ನು ಬಿಡಿಸಿ ತೋರಿಸಿದ್ದಳು. ಐದು ಎಸಳು, ನಡುವೆ ಕೇಸರಗಳೆಲ್ಲ ಕೂಡಿಕೊಂಡು ಒಂದೇ ಕೊಳವೆ. “ಪೆರಿಯಪ್ಪಾ, ಹತ್ತಿ ಹೂವೂ ಹಿಂಗೇ ದಾನ್. ಎರಡೂ ಒಂದೇ ಕುಡುಂಬಂ,” ಎಂದಳು. ಹತ್ತಿಗೂ ನೆಂಟರಿದ್ದಾರೆಂದು ಎಪ್ಪತ್ತನೆಯ ವಯಸ್ಸಿನಲ್ಲಿ ತಿಳಿದ ನೇಕಾರನನ್ನು ಹಿಡಿಯುವವರುಂಟೇ? ಬೀಗರ ಮನೆಗೆ ಹೊರಟವನಂತೆ ಒಗೆದ ಪಂಚೆ ಉಟ್ಟು ಬೀದಿ ಸುತ್ತಿದೆ. ಲೇತ್ ವರ್ಕ್‌ಶಾಪಿನ ಹಿಂದಿನ ಕಬ್ಬಿಣದ ಚೂರಿನ ಗುಡ್ಡೆ, ರೈಲು ಹಳಿಯ ಜಲ್ಲಿ, ಸ್ಮಶಾನದ ಮುರಿದ ಗೋಡೆ, ನೀರಿಲ್ಲದ ವಾಯ್ಕಾಲಿನ ದಂಡೆ: ಯಾರಿಗೂ ಬೇಡವಾದ ಜಾಗವೆಲ್ಲ ತುತ್ತಿಗೆ ಬೇಕು. ಎಲ್ಲವನ್ನೂ ಬರೆದುಕೊಂಡೆ.

ಅಲ್ಲಿಗೆ ನಿಲ್ಲಿಸಬಾರದಿತ್ತೇ? ನೀವು ಕೊಟ್ಟ ಮಾಹಿತಿ ಫಾರ್ಮಿನ ಕೊನೆಯಲ್ಲಿ ‘ಇತರ ವಿಷಯ’ ಎಂಬ ಖಾಲಿ ಜಾಗವಿತ್ತು. ಖಾಲಿ ಜಾಗ ಕಂಡರೆ ನನ್ನ ಜಾಣತನ ಸುಮ್ಮನಿರುವುದಿಲ್ಲ. ‘ಈ ಗಿಡ ಹತ್ತಿಯ ಹತ್ತಿರದ ನೆಂಟ. ಆದ್ದರಿಂದ ಹತ್ತಿಗೆ ಬರುವ ಹಿಟ್ಟು ತಿಗಣೆ ಇದರಲ್ಲೂ ತಂಗುತ್ತದೆ’ ಎಂದು ಅಂದವಾದ ಅಕ್ಷರದಲ್ಲಿ ಬರೆದೆ. ಹತ್ತನೆಯ ದಿನಕ್ಕೆ ನಿಮ್ಮವರು ಗುದ್ದಲಿಯೊಂದಿಗೆ ಬಂದರು. ಸ್ವಾಮಿ, ನಮ್ಮ ವಾರ್ಡಿನಲ್ಲಿ ಇರುವುದೆಲ್ಲ ಪಂಪು ಮತ್ತು ಲೇತು. ಆ ತಿಗಣೆ ಯಾವ ಹತ್ತಿ ಹೊಲವನ್ನು ತಿನ್ನಬೇಕಿತ್ತು? ಮೇಸ್ತ್ರಿ ನನ್ನ ಕೈ ಕುಲುಕಿ, “ಉಂಗ ಡ್ರಾಯಿಂಗ್ ಸೂಪರ್ ಸಾರ್, ಒರು ಚೆಡಿ ಕೂಡ ತಪ್ಪಲೆ,” ಎಂದ. ಒಂದು ಗಿಡವೂ ತಪ್ಪಿಸಿಕೊಳ್ಳಲಿಲ್ಲವಂತೆ. ಅಭ್ಯಾಸಬಲದಿಂದ ನಾನು ನಮಸ್ಕಾರವನ್ನೂ ಮಾಡಿದೆ.

ಮನೆಗೆ ಬಂದರೆ ಅಕ್ಕ ಜಾನಕಿಯಮ್ಮ ಮಗ್ಗದ ಮುಂದೆ ಕೂತಿದ್ದಳು. ನೇಯ್ದು ಮುಗಿದ ಸೀರೆಯ ಸೆರಗಿಗೆ ತುತ್ತಿ ಕಾಯಿಯನ್ನು ಕುಂಕುಮದಲ್ಲಿ ಅದ್ದಿ ಒತ್ತಿದ ಮೇಲೆಯೇ ಮಗ್ಗದಿಂದ ಕತ್ತರಿಸುವುದು ನಮ್ಮ ಮನೆಯ ಪದ್ಧತಿ. ಕಾಯಿಯ ಗೀರುಗಳು ಚಕ್ರದಂತೆ ಮೂಡುತ್ತವೆ. ಅವ್ವ ಮಾಡುತ್ತಿದ್ದಳು, ಅಕ್ಕ ಮಾಡುತ್ತಾಳೆ. ಈಗ ನೇಯ್ದಿರುವುದು ಅವಳ ಕೊನೆಯ ಸೀರೆ. ಕಣ್ಣು ಸೋತಿದೆ, ಇನ್ನು ಕೂರಬಾರದೆಂದು ಡಾಕ್ಟರರು ಹೇಳಿದ್ದಾರೆ. ಮೂರು ವಾರದಿಂದ ಆ ಸೀರೆ ಮಗ್ಗದಲ್ಲೇ ಇದೆ. ಅವಳು ನನ್ನನ್ನು ಬಯ್ಯುವುದೂ ಇಲ್ಲ. ಅದನ್ನೇ ನನಗೆ ತಡೆಯಲಾಗುತ್ತಿಲ್ಲ.

ಮೊದಲ ಸಲ ದೂರು ಹೇಳಲು ಬಂದಾಗ ‘ಎಲ್ಲೆಲ್ಲೂ ಬೆಳೆಯುವ ಕಳೆ, ಬೇರೆಡೆಯಿಂದ ತನ್ನಿ’ ಎಂದು ನೀವು ಹೇಳಿದಿರಿ. ಆ ಬುದ್ಧಿ ನನಗೂ ಬಂದಿತ್ತು. ಬಸ್ಸು ಹತ್ತಿ ಕಾರಮಡೈಗೆ ಹೋಗಿ, ಬಾಳೆ ತೋಟದ ಬೇಲಿಯಿಂದ ಚೀಲದ ತುಂಬ ಕಾಯಿ ತಂದೆ. ಅಕ್ಕ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

“ಏನ್ಡಾ ಕೇಶವಾ, ಇದು ನಮ್ ತರಿ ಸತ್ತಂ ಕೇಳಿರೋ ಚೆಡಿಯಾ?”

ಮಗ್ಗದ ಸದ್ದು ಕೇಳಿ ಬೆಳೆದ ಗಿಡದ ಕಾಯಿಯೇ ಆಗಬೇಕು. ಅರವತ್ತು ವರ್ಷ ಈ ಪದ್ಧತಿ ನೋಡಿದವನು ನಾನು ಮರೆತಿದ್ದೆ. ಚೀಲ ಈಗಲೂ ಬಾಗಿಲ ಹಿಂದಿದೆ.

ಈಗ ಬೇಡಿಕೆ. ಮೂರನೆಯ ಸಲ ದೂರು ಕೊಡಲು ಬಂದು ನಿಮಗಾಗಿ ಕಾದು, ಕೈ ತೊಳೆಯಲು ಹೋದಾಗ ಕಂಡೆ: ನಿಮ್ಮ ಕಚೇರಿಯ ಹಿತ್ತಲ ಕೊಳಾಯಿ ಪಕ್ಕ ಒಂದು ತುತ್ತಿ ಗಿಡವಿದೆ. ಎರಡು ಕಾಯಿ ಬಿಟ್ಟಿದೆ, ಇನ್ನೂ ಎಳಸು. ನಮ್ಮ ಮಗ್ಗದ ಸದ್ದು ಅಲ್ಲಿಗೆ ಕೇಳುತ್ತದೆಯೇ ಎಂಬ ಅನುಮಾನ ಬೇಡ. ಕಚೇರಿಯವರೆಗೂ ಸದ್ದು ಬರುತ್ತದೆಂದು ಹಿಂದೊಮ್ಮೆ ನಮಗೆ ನೋಟೀಸು ಕೊಟ್ಟವರು ನೀವೇ. ಆ ನೋಟೀಸನ್ನು ಅಕ್ಕನಿಗೆ ಓದಿ ಹೇಳಿದೆ. ಮೂರು ವಾರದಲ್ಲಿ ಮೊದಲ ಸಲ ನಕ್ಕಳು.

ಜಾಗ ಹೇಳದಿದ್ದರೆ ಶುಕ್ರವಾರದ ಸ್ವಚ್ಛತೆಯಲ್ಲಿ ನಿಮ್ಮವರು ಅದನ್ನು ಕೀಳುತ್ತಾರೆ. ಹೇಳಿದರೆ ಇವತ್ತೇ ಕೀಳಬಹುದು. ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಹೇಳಿಯೇಬಿಟ್ಟಿದ್ದೇನೆ. ಹತ್ತು ದಿನ ಅದನ್ನು ಮುಟ್ಟಬೇಡಿ. ಆಮೇಲೆ ಅಕ್ಕನನ್ನು ನಾನೇ ಕರೆತರುತ್ತೇನೆ, ಕಾಯಿಯನ್ನು ಅವಳೇ ಕೀಳಲಿ. ಸೀರೆಯನ್ನು ಮಗ್ಗದಿಂದ ಬಿಡಿಸಲು ಕತ್ತರಿ ಸಾಣೆ ಹಿಡಿಸಿಟ್ಟಿದ್ದಾಳೆ.

ಇಂತಿ,
ಹನ್ನೆರಡನೆಯ ವಿಳಾಸವನ್ನೂ ತಾನೇ ಬರೆದುಕೊಟ್ಟ
ಚೆನ್ನಕೇಶವನ್
(ಈ ಸಲ ನಕ್ಷೆ ಲಗತ್ತಿಸಿಲ್ಲ)